ಸಹಾಯ ಬೇಕು: ಕಾಡುಹೂವಿನ ಬೀಜ ಸತ್ತಿದೆಯೋ, ನಿದ್ರಿಸುತ್ತಿದೆಯೋ?

ನಮಸ್ಕಾರ. ಬಂಜರು ಜಾಗವೊಂದರಲ್ಲಿ ಬಿತ್ತಲು ಕಾಡುಹೂವಿನ ಬೀಜ ಕೊಳ್ಳಬೇಕಾಗಿದೆ. ಮಾರುವವರು ಕೊಟ್ಟ ಪರೀಕ್ಷಾ ವರದಿಯಲ್ಲಿ ಶುದ್ಧತೆ 80%, ಮೊಳಕೆ 30%, ಸುಪ್ತ ಬೀಜ (ಜೀವವಿದ್ದೂ ಸದ್ಯಕ್ಕೆ ಮೊಳೆಯದೆ ನಿದ್ರಿಸುತ್ತಿರುವುದು) 45% ಎಂದಿದೆ. ಶುದ್ಧತೆಯ ಬಗ್ಗೆ ತಕರಾರಿಲ್ಲ. ಹೊಟ್ಟು, ಕಡ್ಡಿ, ಕಳೆಬೀಜ ಬೇರ್ಪಡಿಸಿ ತೂಗಿದರಾಯಿತು. ಮೊಳಕೆ ಮತ್ತು ಸುಪ್ತ ಬೀಜ ಕೂಡಿಸಿ ಶುದ್ಧತೆಯಿಂದ ಗುಣಿಸಿದರೆ 60%, ಅಂದರೆ ಕಿಲೋಗೆ 600 ಗ್ರಾಂ ಜೀವಂತ ಶುದ್ಧ ಬೀಜ. ಹಣ ಕೊಡುವುದು ಇದಕ್ಕೆ ಮಾತ್ರ ಎಂಬುದು ನನ್ನ ಪಟ್ಟು.

ಆದರೆ ಆ 45% ನಂಬುವುದು ಹೇಗೆ? ಮೊಳೆಯದೆ ಉಳಿದ ಬೀಜಗಳನ್ನು ಸೀಳಿ ಟೆಟ್ರಜೋಲಿಯಂ ದ್ರಾವಣದಲ್ಲಿ ಕತ್ತಲೆಯಲ್ಲಿ ಇಟ್ಟರೆ ಉಸಿರಾಡುವ ಅಂಗಾಂಶ ಕೆಂಪಾಗುತ್ತದೆ, ಸತ್ತದ್ದು ಬಣ್ಣ ಹಿಡಿಯುವುದಿಲ್ಲ ಎಂಬುದು ಗೊತ್ತು. ನಾನು ಹೀಗೆ ಪರೀಕ್ಷಿಸಿದ ಕೆಲವು ಬೀಜಗಳಲ್ಲಿ ಬೀಜದಳ ಕೆಂಪಾಗಿದೆ, ಬೇರಿನ ತುದಿ ಮಾತ್ರ ಬೆಳ್ಳಗಿದೆ. ಇವನ್ನು ಜೀವಂತ ಎಂದು ಎಣಿಸಬಹುದೇ? ಇನ್ನು ಕೆಲವು ತಿಳಿಗುಲಾಬಿ. ಅವುಗಳ ಬಗ್ಗೆ ನನಗೆ ಅನುಮಾನವೇ ಹೆಚ್ಚು.

ಇನ್ನೊಂದು ವಿಷಯ: ಗಟ್ಟಿ ಸಿಪ್ಪೆಯ ಸುಪ್ತ ಬೀಜಗಳು ಮೊಳೆಯುವಂತೆ ಮಾಡಲು ಅವನ್ನು ಮರಳುಕಾಗದದಿಂದ ಉಜ್ಜುವುದು ಸಾಕೇ, ಅಥವಾ ತೇವದ ಮರಳಿನಲ್ಲಿ ಬೆರೆಸಿ ಕೆಲವು ವಾರ ತಂಪಿನಲ್ಲಿ ಇಡಲೇಬೇಕೇ? ಈ ಪರೀಕ್ಷೆಗಳನ್ನು ಕೈಯಾರೆ ಮಾಡಿದವರು ದಯವಿಟ್ಟು ಉತ್ತರಿಸಿ. ಬಣ್ಣ ಹಿಡಿದ ಬೀಜಗಳ ಚಿತ್ರಗಳಿದ್ದರೆ ಇನ್ನೂ ಒಳ್ಳೆಯದು.