ಅಮ್ಮನ ನೆನಪಿನ ಸಭೆಗೆ ಏನ್ ಮಾಡ್ಬಹುದು?

ಅಮ್ಮ ಹೋಗಿ ಮುಂದಿನ ತಿಂಗಳಿಗೆ ವರ್ಷ ಆಗತ್ತೆ. ಹತ್ತಿರದವರಷ್ಟೇ ಸೇರಿ ಸಣ್ಣದೊಂದು ಸಭೆ ಮಾಡೋಣ ಅಂತಿದೀವಿ. ಫೋಟೋ ಇಟ್ಟು ನಾಲ್ಕು ಜನ ಮಾತಾಡಿ ಮುಗಿಸೋಕೆ ಮನಸ್ಸಿಲ್ಲ, ಅವಳಿಗೆ ಭಾಷಣ ಅಂದ್ರೇನೇ ಆಗ್ತಿರ್ಲಿಲ್ಲ. ಏನಾದ್ರೂ ಐಡಿಯಾ ಇದ್ರೆ ಹೇಳಿ.

ಉತ್ತರ 1
ಅವರು ದಿನಾ ಬಳಸ್ತಿದ್ದ ವಸ್ತು ಇಡಿ. ನಾವು ಅಪ್ಪನ ದಾರ ಕಟ್ಟಿದ ಕನ್ನಡಕ, ಅರ್ಧ ಬಿಡಿಸಿಟ್ಟಿದ್ದ ಪದಬಂಧ ಇಟ್ಟಿದ್ವಿ, ಬಂದವರು ಫೋಟೋ ಮುಂದೆ ಸುಮ್ನೆ ನಿಂತ್ಕೊಂಡು ಹೋಗ್ತಿದ್ರು ಆದ್ರೆ ಆ ಕನ್ನಡಕ ನೋಡಿ ಮೊದ್ಲು ನಕ್ರು ಆಮೇಲೆ ಅತ್ರು, ಪದಬಂಧದ ಉಳಿದ ಮನೆಗಳನ್ನ ಯಾರೋ ಪೆನ್ಸಿಲ್ ತಗೊಂಡು ತುಂಬೇ ಬಿಟ್ರು!

ಉತ್ತರ 2
ಚೀಟಿ ಕೊಟ್ಟು ಬರೆಸಿ. ಬರೀ "ನೆನಪು ಬರೀರಿ" ಅಂದ್ರೆ ಎಲ್ರೂ "ತುಂಬಾ ಒಳ್ಳೆಯವರು" ಅಂತ ಬರೀತಾರೆ (ಅನುಭವದ ಮಾತು). "ಅಮ್ಮ ನಿಮ್ಗೆ ಯಾವಾಗ ಬೈದಿದ್ರು?" ಅಂತ ಕೇಳಿ ನೋಡಿ. ಮತ್ತೆ ಹಳೇ ವಾಟ್ಸಾಪ್ ವಾಯ್ಸ್ ಮೆಸೇಜ್ ಇದ್ರೆ ಈಗ್ಲೇ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ, ಫೋನ್ ಹಾಳಾದ್ರೆ ಹೋಯ್ತು.

ಉತ್ತರ 3
ನಮ್ಮಲ್ಲಿ ನೇತ್ರದಾನದ ಫಾರ್ಮ್ ಇಟ್ಟಿದ್ವಿ. ಒಬ್ರ ಕಾರ್ನಿಯಾದಿಂದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಇಬ್ರಿಗೆ ದೃಷ್ಟಿ ಬರಬಹುದು. ಆದ್ರೆ ಸಾಮಾನ್ಯವಾಗಿ ತೀರ್ಕೊಂಡ 6 ಗಂಟೆಯೊಳಗೆ ತೆಗೀಬೇಕಾಗತ್ತೆ, ಅದಕ್ಕೆ ಸಹಿ ಹಾಕಿದವರು ಮನೇಲಿ ಹೇಳಿಡ್ಲೇಬೇಕು. ಯಾರಿಗೂ ಬಲವಂತ ಮಾತ್ರ ಮಾಡ್ಬೇಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಎಲ್ರಿಗೂ. ವಾಯ್ಸ್ ಮೆಸೇಜ್ ಹುಡುಕ್ದೆ, ಹನ್ನೊಂದು ಸೆಕೆಂಡಿಂದು ಒಂದು ಸಿಕ್ತು. "ಫೋನ್ ಎತ್ತೋಕೇನೋ ಕಷ್ಟ ನಿಂಗೆ" ಅಂತಿದೆ. ಅದನ್ನೇ ಹಾಕ್ತೀನಿ.