ಮೈಲುತುತ್ತ ಕಾಸಿದರೆ ಬಿಳಿ, ನೀರು ಬಿದ್ದರೆ ಮತ್ತೆ ನೀಲಿ: ಇದು ಭೌತ ಬದಲಾವಣೆಯೋ, ರಾಸಾಯನಿಕವೋ?

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ

ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗಳಿಗೆ ಔಷಧಿ ಹೊಡೆಸುವ ತಯಾರಿಯಲ್ಲಿದ್ದೇವೆ. ಮೈಲುತುತ್ತದ ಚೀಲ ಜಗಲಿಯ ಮೂಲೆಗೆ ಬಂದು ಕುಳಿತಿದೆ. ಅದನ್ನು ಕಂಡದ್ದೇ ತಡ, ಈ ವರ್ಷ ಒಂಬತ್ತನೆಯ ತರಗತಿಗೆ ಹೋಗಲಿರುವ ಮಗಳು ಹೋದ ವರ್ಷದ ಹಳೆಯ ವ್ಯಾಜ್ಯವೊಂದನ್ನು ಮತ್ತೆ ಎತ್ತಿದ್ದಾಳೆ.

ಶಾಲೆಯಲ್ಲಿ ಅವರಿಗೆ ಒಂದು ಪ್ರಯೋಗ ತೋರಿಸಿದ್ದರಂತೆ. ನೀಲಿ ಮೈಲುತುತ್ತದ ಹರಳುಗಳನ್ನು ಪ್ರನಾಳದಲ್ಲಿ ಹಾಕಿ ಕಾಸಿದಾಗ ಅವು ಪುಡಿಪುಡಿಯಾಗಿ ಬೂದಿಯಂತೆ ಬೆಳ್ಳಗಾದವು, ಪ್ರನಾಳದ ಮೇಲ್ಭಾಗದಲ್ಲಿ ನೀರಿನ ಹನಿಗಳು ಕಟ್ಟಿಕೊಂಡವು. ಆರಿದ ಮೇಲೆ ನಾಲ್ಕು ಹನಿ ನೀರು ಬಿಟ್ಟರೆ ಪುಡಿ ಮತ್ತೆ ನೀಲಿಯಾಯಿತು. ಕಿರುಪರೀಕ್ಷೆಯಲ್ಲಿ ಇವಳು ‘ಬಣ್ಣ ಬದಲಾದ್ದರಿಂದ ಇದು ರಾಸಾಯನಿಕ ಬದಲಾವಣೆ’ ಎಂದು ಬರೆದಳು, ಉತ್ತರಕ್ಕೆ ತಪ್ಪು ಗುರುತು ಬಿತ್ತು. ಮೊದಲಿನ ಸ್ಥಿತಿಗೆ ತರಬಹುದಾದ್ದರಿಂದ ಅದು ಭೌತ ಬದಲಾವಣೆಯಂತೆ.

ನನಗೂ ಅದೇ ಸರಿ ಎನ್ನಿಸಿತ್ತು. ಆದರೆ ಮೊನ್ನೆ ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಕದಡಿ ಓಕುಳಿ ಮಾಡಿದಾಗ, ಮಗಳು ಉಳಿದ ಕೆಂಪು ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಅದನ್ನು ಪುನಃ ಹಳದಿ ಮಾಡಿ ತೋರಿಸಿದಳು. ‘ಹಾಗಾದರೆ ಇದೂ ಭೌತ ಬದಲಾವಣೆಯೇ?’ ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ: ನಿವೃತ್ತ ಅಧ್ಯಾಪಕ, ಸಾಗರ

ನಿಮ್ಮ ಮಗಳು ಬರೆದ ಉತ್ತರ ಸರಿಯಾಗಿಯೇ ಇತ್ತು, ಅವಳು ಕೊಟ್ಟ ಕಾರಣ ಮಾತ್ರ ಸಾಲದು. ತಪ್ಪು ಗುರುತು ಹಾಕಿದವರ ಕಾರಣವಂತೂ ನಿಲ್ಲುವುದೇ ಇಲ್ಲ. ‘ಹಿಂದಕ್ಕೆ ಬಂದರೆ ಭೌತ, ಬಾರದಿದ್ದರೆ ರಾಸಾಯನಿಕ’ ಎಂಬ ಸೂತ್ರವನ್ನು ನಾನೂ ಎಷ್ಟೋ ವರ್ಷ ಹಲಗೆಯ ಮೇಲೆ ಬರೆದವನು. ಚಿಕ್ಕ ಮಕ್ಕಳಿಗೆ ಮಂಜುಗಡ್ಡೆ ಮತ್ತು ಸುಟ್ಟ ಕಾಗದದ ವ್ಯತ್ಯಾಸ ಹೇಳುವಷ್ಟಕ್ಕೆ ಅದು ಸಾಕಾಗುತ್ತದೆ, ಅದರಾಚೆಗೆ ಕೈಕೊಡುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ: ಬದಲಾವಣೆಯ ನಂತರ ಪಾತ್ರೆಯಲ್ಲಿರುವುದು ಮೊದಲಿನ ವಸ್ತುವೇ, ಹೊಸದೇ? ಆಗುಂಬೆಯ ಘಾಟಿಯಲ್ಲಿ ಮಂಜಾಗಿ ತೇಲುವ ನೀರು, ಹಂಚಿನ ಅಂಚಿನಿಂದ ತೊಟ್ಟಿಕ್ಕುವ ನೀರು, ಒಲೆಯ ಮೇಲೆ ಆವಿಯಾಗುವ ನೀರು, ಇವೆಲ್ಲದರಲ್ಲಿಯೂ ಅಣು ಒಂದೇ. ಅಣುಗಳ ನಡುವಿನ ಅಂತರ ಮತ್ತು ಓಡಾಟ ಮಾತ್ರ ಬೇರೆ. ಮೈಲುತುತ್ತದ ಕಥೆ ಹಾಗಲ್ಲ. ನಾವು ಅಂಗಡಿಯಿಂದ ತರುವ ನೀಲಿ ಹರಳಿನಲ್ಲಿ ಒಂದು ಪಾಲು ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣುಗಳು ಲೆಕ್ಕಾಚಾರವಾಗಿ ಸೇರಿಕೊಂಡಿವೆ. ಇದು ಒದ್ದೆ ಬಟ್ಟೆಯಲ್ಲಿರುವ ನೀರಿನಂಥದ್ದಲ್ಲ. ಐದರಲ್ಲಿ ನಾಲ್ಕು ನೇರವಾಗಿ ತಾಮ್ರವನ್ನೇ ಹಿಡಿದುಕೊಂಡಿವೆ, ಐದನೆಯದು ಸಲ್ಫೇಟಿನ ಆಸರೆಯಲ್ಲಿದೆ, ಹರಳಿನ ನೀಲಿಗೆ ಈ ಹಿಡಿತವೇ ಕಾರಣ. ತೂಕದಲ್ಲಿ ಶೇಕಡಾ 36ರಷ್ಟು ನೀರೇ ಆಗಿರುವುದರಿಂದ 100 ಗ್ರಾಂ ಹರಳನ್ನು ಪೂರ್ತಿ ಕಾಸಿದರೆ ಉಳಿಯುವುದು 64 ಗ್ರಾಂ ಬಿಳಿ ಪುಡಿ. ಹಿಡಿತ ಬಿಟ್ಟಿತು, ಹರಳಿನ ರಚನೆ ಕುಸಿಯಿತು, ಬೇರೆ ಗುಣಗಳ ಬೇರೆ ವಸ್ತು ಉಳಿಯಿತು. ಆ ಬಿಳಿ ಪುಡಿಗೆ ನೀರು ಬಿಟ್ಟಾಗ ಪ್ರನಾಳ ಕೈಗೆ ಬಿಸಿ ಹತ್ತುತ್ತದೆ ಎಂಬುದನ್ನು ಮಗಳು ಗಮನಿಸಿದ್ದಳೋ ಇಲ್ಲವೋ ಕೇಳಿ ನೋಡಿ. (ಮನೆಯಲ್ಲಿ ಮಾಡಿ ನೋಡುವ ಉತ್ಸಾಹವಿದ್ದರೆ ದಯವಿಟ್ಟು ಅಡುಗೆಯ ಪಾತ್ರೆ ಮುಟ್ಟಬೇಡಿ, ಮೈಲುತುತ್ತ ವಿಷ.)

ಅರಿಶಿನದ್ದೂ ರಾಸಾಯನಿಕ ಬದಲಾವಣೆಯೇ. ಸುಣ್ಣ ಕ್ಷಾರ, ಅದು ಅರಿಶಿನದಲ್ಲಿರುವ ಕರ್ಕ್ಯುಮಿನ್ ಅಣುವಿನಿಂದ ಹೈಡ್ರೊಜನ್ ಅಯಾನನ್ನು ಕಸಿದುಕೊಳ್ಳುತ್ತದೆ, ಅಣು ಕೆಂಪಾಗುತ್ತದೆ. ನಿಂಬೆಯ ಆಮ್ಲ ಅದನ್ನು ಮರಳಿ ಕೊಡುತ್ತದೆ. ಸಾಲ ಕೊಟ್ಟು ತೆಗೆದುಕೊಂಡಂತೆ.

ಇದಕ್ಕಿಂತ ದೊಡ್ಡ ಉದಾಹರಣೆ ಸುಣ್ಣವೇ. ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟಾಗ 100 ಕಿಲೋದಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಇದು ಚಿಪ್ಪು ಶುದ್ಧವಾಗಿದ್ದಾಗಿನ ಲೆಕ್ಕ. ಅದಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಆ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ತಿಂಗಳುಗಟ್ಟಲೆ ನಿಧಾನವಾಗಿ ಹೀರಿಕೊಂಡು ಗಟ್ಟಿಯಾದಾಗ ಗೋಡೆಯ ಮೇಲಿರುವುದು ಏನೆಂದುಕೊಂಡಿರಿ? ಗೂಡಿಗೆ ಹಾಕುವ ಮೊದಲು ಚಿಪ್ಪಿನಲ್ಲಿದ್ದ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮೂರು ರಾಸಾಯನಿಕ ಬದಲಾವಣೆಗಳನ್ನು ದಾಟಿ ವಸ್ತು ಹೊರಟಲ್ಲಿಗೇ ಬಂದು ನಿಂತಿದೆ.

ಉತ್ತರ: ಕೊನೆಗಾರ, ಹೊಸನಗರ

ಅಧ್ಯಾಪಕರು ಹೇಳಿದ್ದು ಗೂಡಿನ ಮತ್ತು ಪ್ರನಾಳದ ಮಾತು. ನಾನು ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಪೀಪಾಯಿಯ ಮುಂದೆ ನಿಂತು ಕಂಡದ್ದನ್ನು ಹೇಳುತ್ತೇನೆ, ಏಕೆಂದರೆ ಎರಡೂ ಬಗೆಯ ಬದಲಾವಣೆಗಳು ಅಲ್ಲಿ ಒಂದರ ಹಿಂದೊಂದು ಕಣ್ಣಿಗೆ ಬೀಳುತ್ತವೆ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿಕೊಳ್ಳುತ್ತೇವೆ. ಮೈಲುತುತ್ತವನ್ನು ಪೀಪಾಯಿಗೆ ಸುರಿದು ಬಿಟ್ಟರೆ ಅದು ತಳದಲ್ಲಿ ಕುಳಿತು ಬೆಳಗಿನವರೆಗೂ ಕರಗುವುದಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಮೈಗೆ ತಾಗುವಂತೆ ಕೋಲಿಗೆ ತೂಗುಹಾಕಿದರೆ, ಗಂಟಿನಿಂದ ನೀಲಿ ಎಳೆಗಳು ಹೊಗೆಯ ಹಾಗೆ ಕೆಳಕ್ಕೆ ಇಳಿಯುವುದು ಕಾಣುತ್ತದೆ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಆ ಜಾಗಕ್ಕೆ ತಿಳಿನೀರು ಬರುತ್ತದೆ. 1 ಲೀಟರ್ ನೀರು 300 ಗ್ರಾಮಿಗೂ ಹೆಚ್ಚು ಮೈಲುತುತ್ತವನ್ನು ಕರಗಿಸಿಕೊಳ್ಳಬಲ್ಲದಾದ್ದರಿಂದ ಕೊರತೆ ನೀರಿನದಲ್ಲ, ನಾವು ಇಟ್ಟ ಜಾಗದ್ದು. ಇಲ್ಲಿಯವರೆಗೆ ಭೌತ ಬದಲಾವಣೆ. ಆ ನೀರನ್ನು ಅಗಲ ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಹರಳು ಮರಳಿ ಸಿಗುತ್ತದೆ.

ನಂತರ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತ ಸುರಿಯುತ್ತೇವೆ, ಎಂದೂ ತಿರುಗುಮುರುಗಾಗಿ ಅಲ್ಲ. ತಿಳಿಯಾಗಿದ್ದ ನೀಲಿ ಗಂಜಿಯಂತೆ ಮಂದವಾಗಿ ಆಕಾಶದ ಬಣ್ಣಕ್ಕೆ ತಿರುಗುತ್ತದೆ. ಈಗ ಅದನ್ನು ಬಿಸಿಲಿಗಿಟ್ಟು ಒಣಗಿಸಿದರೂ ಮೈಲುತುತ್ತ ಸಿಗುವುದಿಲ್ಲ.

ಸುಣ್ಣ ಸಾಕಾಯಿತೇ ಎಂದು ನೋಡುವುದಕ್ಕೆ ಹಿರಿಯರ ಪರೀಕ್ಷೆಯೊಂದಿದೆ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ತಿಳಿ ಹಾಕಬೇಕು; ಹಾಗೆಯೇ ಹೊಡೆದರೆ ಎಳೆಯ ಕಾಯಿ, ಸಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟುಹೋಗುತ್ತವೆ. ಆ ಕೆಂಪು ತುಕ್ಕೆಂದು ನಾನು ಬಹಳ ಕಾಲ ತಿಳಿದಿದ್ದೆ. ಅದು ಅಪ್ಪಟ ತಾಮ್ರ. ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರ ಹೊರಬಂದು ಅಲಗಿಗೆ ಅಂಟುತ್ತದೆ. ಒಮ್ಮೆ ಅವಸರದಲ್ಲಿ ಕಬ್ಬಿಣದ ಬಾಲ್ದಿಯಲ್ಲಿ ಮೈಲುತುತ್ತ ನೆನೆಹಾಕಿ ಮರೆತೆ. ಎರಡು ದಿನ ಬಿಟ್ಟು ನೋಡಿದರೆ ಒಳಮೈಯೆಲ್ಲ ತಾಮ್ರದ ಬಣ್ಣ, ತಳದಲ್ಲಿ ಕೆಂಪು ಕೆಸರು, ಎತ್ತಿದಾಗ ತಳವೇ ಕಳಚಿತು. ಅಂದಿನಿಂದ ಪ್ಲಾಸ್ಟಿಕ್ ಪೀಪಾಯಿಯೇ ಗತಿ.

ಇದೊಂದು ಪಕ್ಕದ ಮಾತು: ಈ ಮಿಶ್ರಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು, 1885ರಲ್ಲಿ ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ ಅದನ್ನು ಲೋಕಕ್ಕೆ ತಿಳಿಸಿದರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ನಮ್ಮ ಕೊಳೆರೋಗದ ಬೆನ್ನುಹತ್ತಿ 1910ರಲ್ಲಿ ವರದಿ ಪ್ರಕಟಿಸಿದವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಉತ್ತರ: ಪ್ರಯೋಗಶಾಲೆ, ಶಿವಮೊಗ್ಗ

ಕೊನೆಗಾರರ ಬಾಲ್ದಿಯ ಲೆಕ್ಕವನ್ನು ಪೂರ್ತಿ ಮಾಡುತ್ತೇನೆ: 56 ಗ್ರಾಂ ಕಬ್ಬಿಣ ಕರಗಿದರೆ ಹೊರಬರುವ ತಾಮ್ರ 63.5 ಗ್ರಾಂ. ತೂಕ ನೋಡಿ ಮಾರಿದ್ದರೆ ಬಾಲ್ದಿಯ ದುಡ್ಡು ಹುಟ್ಟುತ್ತಿತ್ತೇನೋ.

ಆದರೆ ‘ಕರಗುವುದು ಭೌತ ಬದಲಾವಣೆ’ ಎಂಬ ಅವರ ಮಾತಿಗೆ ಒಂದು ತಕರಾರಿದೆ. ಹರಳು ನೀರಿಗೆ ಬಿದ್ದಾಗ ತಾಮ್ರದ ಅಯಾನು ಸಲ್ಫೇಟಿನ ಸಂಗ ಬಿಟ್ಟು ಸುತ್ತಲೂ ನೀರಿನ ಅಣುಗಳನ್ನೇ ತುಂಬಿಕೊಳ್ಳುತ್ತದೆ. ಸಕ್ಕರೆ ಕರಗಿದಾಗ ಅದರ ಅಣು ಇಡಿಯಾಗಿಯೇ ಉಳಿಯುವಂತೆ ಇಲ್ಲಿ ಉಳಿಯುವುದಿಲ್ಲ. ಶಾಲೆಯ ಮಟ್ಟಿಗೆ ಇದನ್ನು ಭೌತ ಬದಲಾವಣೆ ಎನ್ನುವುದು ರೂಢಿ, ಅದು ನಡೆಯಲಿ. ಆದರೆ ಇದೇ ಸಲ್ಫೇಟಿನ ಬಿಳಿ ಪುಡಿ ನೀರಿಗೆ ಬಿದ್ದು ಬಿಸಿಯೇರುವುದನ್ನು ರಾಸಾಯನಿಕವೆಂದೂ, ನೀಲಿ ಹರಳು ಬಿಸಿಯೇರದೆ ಕರಗುವುದನ್ನು ಭೌತವೆಂದೂ ಕರೆಯುವಾಗ, ನಾವು ಗೆರೆ ಎಳೆಯುತ್ತಿರುವುದು ನೀರು ಮೊದಲೇ ಹರಳಿನೊಳಗೆ ಕುಳಿತಿತ್ತೋ ಈಗ ಬಂದು ಕುಳಿತಿತೋ ಎಂಬುದರ ಮೇಲೆ. ಗೆರೆ ಇದೆ, ಅದು ತೋಟದ ಬೇಲಿಯಷ್ಟು ಸ್ಪಷ್ಟವಾಗಿಲ್ಲ ಅಷ್ಟೆ.

ನೀರು ಹೋದದ್ದು ಮರಳಿ ಬಾರದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಕ್ವಾರಿಯಿಂದ ಆಗಷ್ಟೇ ಕಡಿದ ಕೆಂಪುಕಲ್ಲು ಕೊಡಲಿಗೆ ಸಿಗುವಷ್ಟು ಮೆದುವಾಗಿರುತ್ತದೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಅದರೊಳಗಿನ ಕಬ್ಬಿಣದ ಸಂಯುಕ್ತಗಳು ನೀರು ಬಿಟ್ಟು ಹರಳುಗಟ್ಟಿ ಬಿಗಿಯುತ್ತವೆ. ಆಮೇಲೆ ಎಷ್ಟು ಮಳೆಗಾಲ ನೆನೆದರೂ ಆ ಗೋಡೆ ಮೆದುವಾಗುವುದಿಲ್ಲ.

ಮಗಳು ಪರೀಕ್ಷೆಯಲ್ಲಿ ಹೀಗೆ ಬರೆಯಲಿ: ‘ನೀಲಿ ಹರಳು ನೀರು ಬಿಟ್ಟುಕೊಟ್ಟು ಬೇರೆ ಸಂಯೋಜನೆಯ ಬಿಳಿ ವಸ್ತುವಾಗುತ್ತದೆ, ಆದ್ದರಿಂದ ಇದು ಪರಾವರ್ತ (ಹಿಂದಕ್ಕೆ ತರಬಹುದಾದ) ರಾಸಾಯನಿಕ ಬದಲಾವಣೆ.’ ಬಣ್ಣವನ್ನು ಕಾರಣವಾಗಿ ಬರೆಯದೆ ಸುಳಿವಾಗಿ ಬರೆಯಲಿ. ಕಾಸಿದ ಕಬ್ಬಿಣವೂ ಕೆಂಪಾಗುತ್ತದೆ, ಅದು ಕಬ್ಬಿಣವೇ ಆಗಿರುತ್ತದೆ.

ತೋಟದಮನೆ, ತೀರ್ಥಹಳ್ಳಿ

ಮೂವರಿಗೂ ಕೃತಜ್ಞತೆಗಳು. ಪ್ರನಾಳ ಬಿಸಿಯಾದದ್ದು ನಿಜವಂತೆ, ಅದನ್ನು ಬರೆಯಲು ಜಾಗವೇ ಇರಲಿಲ್ಲವಂತೆ. ಈಗ ಅವಳ ಕೊನೆಯ ಪ್ರಶ್ನೆ: ಚೊಗರಿನಲ್ಲಿ ಬೇಯಿಸಿ ಒಣಗಿಸಿದ ಅಡಿಕೆ ಯಾವ ಪಟ್ಟಿಗೆ ಸೇರುತ್ತದೆ?

ನಿವೃತ್ತ ಅಧ್ಯಾಪಕ, ಸಾಗರ

ಎರಡೂ ಪಟ್ಟಿಗೆ. ಸುಲಿದ ಹಸಿ ಅಡಿಕೆಯನ್ನು ಹಂಡೆಗೆ ಹಾಕಿದಾಗ ಒಗರಿನ ಟ್ಯಾನಿನ್ ಬಿಸಿನೀರಿಗೆ ಇಳಿಯುವುದು ಭೌತ. ಅದೇ ನೀರು ಮತ್ತೆ ಮತ್ತೆ ಕುದಿದು ಮಂದವಾಗಿ ಚೊಗರಾಗುವಾಗ ನೀರು ಆವಿಯಾಗುವುದೂ ಭೌತ. ಆದರೆ ಟ್ಯಾನಿನ್ ಅಣುಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಒಂದಕ್ಕೊಂದು ಬೆಸೆದು ಕೆಂಪುಗಂದು ಬಣ್ಣದ ದೊಡ್ಡ ಅಣುಗಳಾಗುವುದು ರಾಸಾಯನಿಕ. ಅಂಗಳದಲ್ಲಿ ಒಣಗುವಾಗ ನೀರು ಹೋಗುವುದು ಭೌತ, ಬಣ್ಣ ಇನ್ನೂ ಗಾಢವಾಗುತ್ತ ಹೋದರೆ ಅದು ರಾಸಾಯನಿಕ. ಒಣಗಿದ ಅಡಿಕೆಯನ್ನು ನೀರಿನಲ್ಲಿ ನೆನೆಹಾಕಿ ನೋಡಲು ಹೇಳಿ: ಅದು ಉಬ್ಬಿ ಮೆದುವಾಗುತ್ತದೆ, ಆದರೆ ಹಸಿ ಅಡಿಕೆಯ ಬಿಳುಪು ಬರುವುದಿಲ್ಲ. ಯಾವುದು ಮರಳಿತು, ಯಾವುದು ಮರಳಲಿಲ್ಲ ಎಂಬುದನ್ನು ಅವಳೇ ಬರೆದುಕೊಳ್ಳಲಿ.