ಕ್ಯಾಬಿನೆಟ್ ಬಿಚ್ಚದೇ ಪಿಸಿಯೊಳಗ ಏನೇನದ ಅಂತ ನೋಡೋದು ಹ್ಯಾಂಗ?

ಭೀಮಾತೀರ (ಕಲಬುರಗಿ):
ಹಳೇ ಅಸೆಂಬಲ್ಡ್ ಡೆಸ್ಕ್‌ಟಾಪ್ ಒಂದದ. ಮುಂದ ‘ಐ5’ ಅಂತ ಸ್ಟಿಕರ್ ಅದ, ಬಿಲ್ ಇಲ್ಲ. ವಿಂಡೋಸ್ 10, ಭಾಳ ನಿಧಾನ. ರ‍್ಯಾಮ್ ಹೆಚ್ಚಿಸಿ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ಜೋರಿನ ಡಿಸ್ಕ್) ಹಾಕ್ಬೇಕಂತ ಸೂಪರ್ ಮಾರ್ಕೆಟ್ ಕಡಿ ಕಂಪ್ಯೂಟರ್ ಅಂಗಡ್ಯಾಗ ಕೇಳಿದ್ರ, ‘ಡಿಡಿಆರ್3 ಏನು ಡಿಡಿಆರ್4? ಮದರ್‌ಬೋರ್ಡ್ ಯಾವ್ದು?’ ಅಂತ ತಿರುಗಿ ಕೇಳ್ತಾರ. ಎಲ್ಲಿ ನೋಡ್ಬೇಕ್ರಿ?

ಕೋಟೆಬಾಗಿಲು (ಬೀದರ್):
ಸ್ಟಿಕರ್ ನಂಬಬ್ಯಾಡ್ರಿ. 2009ರಿಂದ ಈಚೆಗೆ ಐ5 ಅನ್ನೋ ಹೆಸರಿನ್ಯಾಗ ಹತ್ತಕ್ಕಿಂತ ಹೆಚ್ಚು ತಲೆಮಾರು ಬಂದು ಹೋಗ್ಯಾವ, ಒಂದರ ರ‍್ಯಾಮ್ ಇನ್ನೊಂದಕ್ಕ ಕೂಡ್ತದಂತ ಹೇಳಾಕ ಬರಂಗಿಲ್ಲ. ಡಿಡಿಆರ್3, ಡಿಡಿಆರ್4 ಅಂದ್ರ ರ‍್ಯಾಮಿನ ಬ್ಯಾರೆ ಬ್ಯಾರೆ ನಮೂನಿ.

ವಿಂಡೋಸ್ ಕೀ ಜೊತಿ ಆರ್ ಒತ್ರಿ. ಬಂದ ಸಣ್ಣ ಡಬ್ಬಿಯೊಳಗ ಎಂಎಸ್‌ಇನ್ಫೊ32 ಅಂತ ಇಂಗ್ಲಿಷ್‌ನ್ಯಾಗ ಟೈಪ್ ಮಾಡ್ರಿ, ನಡುವ ಜಾಗ ಬಿಡಬ್ಯಾಡ್ರಿ. ಮೊದಲ ಪುಟದಾಗೇ ‘ಪ್ರೊಸೆಸರ್’ ಮತ್ತ ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಅಂತ ಎರಡು ಸಾಲು ಸಿಗ್ತಾವ, ಬರ್ಕೋರಿ. ಪ್ರೊಸೆಸರ್ ಹೆಸರಿನ್ಯಾಗ ಐ5 ಆದಮ್ಯಾಲೆ ನಾಕಂಕಿ ಇದ್ರ, ಡೆಸ್ಕ್‌ಟಾಪಿನ್ಯಾಗ ಮೊದಲನೇದು ತಲೆಮಾರು. ಐದಂಕಿ ಇದ್ರ ಮೊದಲಿನ ಎರಡು.

ಆಮ್ಯಾಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡಿಸಿ ಒತ್ತಿದ್ರ ಟಾಸ್ಕ್ ಮ್ಯಾನೇಜರ್ ತೆಗೀತದ. ಪರ್ಫಾರ್ಮೆನ್ಸ್, ಅದರೊಳಗ ಮೆಮರಿ. ಕೆಳಗ ಸ್ಪೀಡ್ ಮತ್ತ ‘ಸ್ಲಾಟ್ಸ್ ಯೂಸ್ಡ್’ ಇರ್ತಾವ. ಸ್ಪೀಡ್ 1333 ಇಲ್ಲಾ 1600 ಇದ್ರ ಸಾಮಾನ್ಯವಾಗಿ ಡಿಡಿಆರ್3, 2400 ಇಲ್ಲಾ 2666 ಇದ್ರ ಡಿಡಿಆರ್4. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ದಾಗ ‘ಸಿಸ್ಟಮ್ ಟೈಪ್’ ಸಾಲನ್ನೂ ತಪ್ಪದೇ ನೋಡ್ರಿ. ಎಲ್ಲಾ ಇಲ್ಲಿ ಹಾಕ್ರಿ, ಆದ್ರ ಫೋಟೋದಾಗ ಸೀರಿಯಲ್ ನಂಬರ್, ಪ್ರಾಡಕ್ಟ್ ಐಡಿ ಕಾಣದಂಗ ಮುಚ್ರಿ.

ಭೀಮಾತೀರ:
ನೋಡ್ದೆ ಸರ್. ಪ್ರೊಸೆಸರ್ ಐ5-4590. ಮೆಮರಿ ಸ್ಪೀಡ್ 1600, ಸ್ಲಾಟ್ 2ರಲ್ಲಿ 1. ಬೇಸ್‌ಬೋರ್ಡ್ ಮುಂದ ‘ಟು ಬಿ ಫಿಲ್ಡ್ ಬೈ ಓಇಎಂ’ ಅಂತ ಬರ್ತದ, ಇದ್ಯಾವ ಕಂಪನಿ? ಅಬೌಟ್‌ದಾಗ ರ‍್ಯಾಮ್ 4 ಜಿಬಿ, ಬಳಸಬಹುದಾದದ್ದು 3.16. ಸಿಸ್ಟಮ್ ಟೈಪ್ 32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್.

ಕೋಟೆಬಾಗಿಲು:
ಅದು ಕಂಪನಿ ಅಲ್ರಿ. ಬೋರ್ಡ್ ತಯಾರಿಸಿದವರು ಬಯೋಸ್‌ನ್ಯಾಗ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಹೆಸರು ತುಂಬದೇ ಖಾಲಿ ಬಿಟ್ಟಾರ ಅಷ್ಟೇ, ಅಗ್ಗದ ಬೋರ್ಡಿನ್ಯಾಗ ಇದು ಮಾಮೂಲು. ಸಿಪಿಯು-ಝಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕ್ರಿ, ಮೇನ್‌ಬೋರ್ಡ್ ಟ್ಯಾಬಿನ್ಯಾಗ ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಹೆಸರಾದ್ರೂ ಸಿಗ್ತದ. ಎಸ್‌ಪಿಡಿ ಟ್ಯಾಬಿನ್ಯಾಗ ಸ್ಲಾಟ್ ಆರಿಸಿದ್ರ ಆ ರ‍್ಯಾಮ್ ಕಡ್ಡಿಯ ಕಂಪನಿ, ಸೈಜು, ಪಾರ್ಟ್ ನಂಬರ್ ಬರ್ತಾವ. ಮೆಮರಿ ಟ್ಯಾಬಿನ್ಯಾಗ 800 ಅಂತ ಕಂಡ್ರ ಗಾಬರಿ ಆಗಬ್ಯಾಡ್ರಿ, ಅದು ಅರ್ಧ ಲೆಕ್ಕ. ಡಿಡಿಆರ್ ಅಂದ್ರ ಒಂದು ಬಡಿತಕ್ಕ ಎರಡು ಸಲ ಡೇಟಾ ಸಾಗಿಸ್ತದ, ಹಂಗಾಗಿ 1600.

ಸುರಪುರ_ಬಿಟ್ (ಯಾದಗಿರಿ):
ಭೀಮಾತೀರ ಅವರೇ, ನಿಮ್ಮ ಅಸಲಿ ತೊಂದರೆ ಆ 3.16ರಲ್ಲಿದೆ. 32 ಬಿಟ್ ವಿಂಡೋಸ್ 10ಕ್ಕೆ ಕಾಣುವುದೇ 4 ಜಿಬಿ ತನಕ, ಅದರಲ್ಲೂ ಒಂದು ಪಾಲು ಹಾರ್ಡ್‌ವೇರಿಗೆ ಹೋಗುತ್ತದೆ. ಈಗ ಇನ್ನೊಂದು ಕಡ್ಡಿ ಹಾಕಿದರೂ ಅದು ಸ್ಲಾಟಿನಲ್ಲಿ ಸುಮ್ಮನೆ ಕೂತಿರುತ್ತದೆ. ಪ್ರೊಸೆಸರ್ 64 ಬಿಟ್ ಆಗಿರುವುದರಿಂದ ದಾರಿ ಇದೆ. 32ರ ಮೇಲೆ 64 ಅಪ್‌ಗ್ರೇಡ್ ಆಗುವುದಿಲ್ಲ, ಹೊಸದಾಗಿ ಹಾಕಬೇಕು. ಹೇಗೂ ಎಸ್‌ಎಸ್‌ಡಿ ತರುತ್ತೀರಲ್ಲ, 64 ಬಿಟ್ ಅನ್ನು ಅದರ ಮೇಲೇ ಹಾಕಿ. ಈಗಿನದು ಆಕ್ಟಿವೇಟ್ ಆಗಿದ್ದು, ಅದೇ ಎಡಿಷನ್ (ಹೋಮ್ ಇಲ್ಲವೇ ಪ್ರೊ) ಆದರೆ ಲೈಸೆನ್ಸ್ ಬೇರೆ ಕೊಳ್ಳಬೇಕಿಲ್ಲ. ಹಳೇ ಹಾರ್ಡ್‌ಡಿಸ್ಕಿನ ಕೇಬಲ್ ಅಷ್ಟು ಹೊತ್ತು ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು (ಪಿಸಿ ಶುರುವಾಗಲು ಬೇಕಾದವು) ಅದರಲ್ಲೇ ಹೋಗಿ ಕೂರಬಹುದು, ಆಗ ನಾಳೆ ಆ ಡಿಸ್ಕ್ ತೆಗೆದರೆ ಪಿಸಿ ಏಳುವುದೇ ಇಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು: ಡೆಸ್ಕ್‌ಟಾಪ್ ಡಿಡಿಆರ್3, 1600, 4 ಜಿಬಿ ಒಂದು. ಅಂಚಿನಲ್ಲಿ 240 ಪಿನ್. ಡಿಡಿಆರ್4ಕ್ಕೆ 288, ಅಂಚಿನ ಕಚ್ಚೂ ಬೇರೆ ಜಾಗದಲ್ಲಿರುತ್ತದೆ, ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿದುಕೊಳ್ಳಬೇಡಿ. ‘ಎಎಂಡಿ ಬೋರ್ಡಿಗೆ ಮಾತ್ರ’ ಎಂದು ಮಾರುವ ಅಗ್ಗದ ಡಿಡಿಆರ್3 ಕಡ್ಡಿಗಳಿವೆ. ನಿಮ್ಮದು ಇಂಟೆಲ್, ಅವು ನಡೆಯುವುದಿಲ್ಲ.

ಭೀಮಾತೀರ:
ಸಿಪಿಯು-ಝಡ್‌ದಾಗ ಎಚ್81 ಅಂತ ಬಂತ್ರಿ. ಎಸ್‌ಎಸ್‌ಡಿ ಯಾವ್ದು ತರ್ಲಿ? ಮತ್ತ ಗ್ರಾಫಿಕ್ಸ್ 1.5 ಜಿಬಿ ಮ್ಯಾಲೆ ತೋರಸ್ತದ, ಕಾರ್ಡ್ ಅದ ಅಂದಂಗಾಯ್ತಲ್ಲ?

ಸುರಪುರ_ಬಿಟ್:
ಇಲ್ಲ, ಅದು ‘ಶೇರ್ಡ್’ ಮೆಮರಿ, ನಿಮ್ಮ ರ‍್ಯಾಮಿನಿಂದಲೇ ಎರವಲು. ಡಿಎಕ್ಸ್‌ಡಯಾಗ್ ಅಂತ ಅದೇ ವಿಂಡೋಸ್-ಆರ್ ಡಬ್ಬಿಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆದು ಡಿಸ್‌ಪ್ಲೇ ಟ್ಯಾಬಿನಲ್ಲಿ ಹೆಸರು ನೋಡಿ. ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ ಒಂದೇ ಇದ್ದರೆ ಬೇರೆ ಕಾರ್ಡ್ ಇಲ್ಲವೆಂದೇ ಲೆಕ್ಕ.

ಎಚ್81 ಬೋರ್ಡಿನಲ್ಲಿ ಎಂ.2 ಸ್ಲಾಟ್ (ಕಡ್ಡಿಯಂಥ ಎಸ್‌ಎಸ್‌ಡಿಯನ್ನು ನೇರ ಬೋರ್ಡಿಗೆ ಕೂರಿಸುವ ಜಾಗ) ಸಾಮಾನ್ಯವಾಗಿ ಇರುವುದಿಲ್ಲ, 2.5 ಇಂಚಿನ ಸಾಟಾ (ಕೇಬಲ್‌ನಲ್ಲಿ ಜೋಡಿಸುವ) ಎಸ್‌ಎಸ್‌ಡಿ ತನ್ನಿ. ಈ ಚಿಪ್‌ಸೆಟ್ಟಿಗೆ ನಾಲ್ಕು ಸಾಟಾ ಪೋರ್ಟ್, ಅವುಗಳಲ್ಲಿ ಎರಡಕ್ಕೆ ಮಾತ್ರ ಸೆಕೆಂಡಿಗೆ 6 ಗಿಗಾಬಿಟ್ ವೇಗ, ಉಳಿದೆರಡಕ್ಕೆ 3. ಬೋರ್ಡ್ ಮೇಲೆ ಪೋರ್ಟಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಟಾರ್ಚ್ ಹಿಡಿದು ನೋಡಿ ಎಸ್‌ಎಸ್‌ಡಿಯನ್ನು 6ರದ್ದಕ್ಕೇ ಚುಚ್ಚಿ. 240 ಜಿಬಿ ತಂದರೆ ವಿಂಡೋಸ್ 223 ತೋರಿಸುತ್ತದೆ. ಅಂಗಡಿಯವರ ಮೋಸವಲ್ಲ, ಎಣಿಕೆಯ ರೀತಿ ಬೇರೆ.

ಕೋಟೆಬಾಗಿಲು:
ರ‍್ಯಾಮ್ ಹಾಕೋ ಮುಂದ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡೀರಿ, ಉಳಿದ ಕರೆಂಟ್ ಇಳೀತದ. ನಮ್ಮ ಕಡಿ ಧೂಳು ಕೇಳಬೇಕಾ, ಖಾಲಿ ಸ್ಲಾಟಿನ್ಯಾಗ ಖರೇನ ಪದರ ಕುಂತಿರ್ತದ, ಮೊದಲು ಒಣ ಬ್ರಷ್ ಆಡಸ್ರಿ. ಕ್ಲಿಪ್ ಟಕ್ ಅನ್ನೋತನಕ ಒತ್ರಿ. ಚಾಲೂ ಮಾಡಿದಾಗ ಪರದೆ ಕಪ್ಪಾಗಿ ಬೀಪ್ ಹೊಡೆದ್ರ ಬೋರ್ಡ್ ಸುಟ್ಟದ ಅನ್ಕೋಬ್ಯಾಡ್ರಿ, ಕಡ್ಡಿ ತೆಗೆದು ಬಂಗಾರಬಣ್ಣದ ಪಿನ್ನಿಗೆ ಪೆನ್ಸಿಲ್ ರಬ್ಬರ್ ಮೆಲ್ಲಗ ಉಜ್ಜಿ ಮತ್ತ ಹಾಕ್ರಿ.

ಗ್ರಾಫಿಕ್ಸ್ ಕಾರ್ಡಿಗೆ ರೊಕ್ಕ ಸುರೀಬ್ಯಾಡ್ರಿ. ವಿಂಡೋಸ್ 11ಕ್ಕ ಇಂಟೆಲ್‌ದಾಗ ಸಾಮಾನ್ಯವಾಗಿ ಎಂಟನೇ ತಲೆಮಾರಾದ್ರೂ ಬೇಕು, ನಿಮ್ದು ನಾಕನೇದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದದ. ಕಡ್ಡಿ ಮತ್ತ ಎಸ್‌ಎಸ್‌ಡಿ, ಹಂಗಾಗಿ ಈ ಪಿಸಿಗೆ ಖರ್ಚು ಇವೆರಡಕ್ಕ ನಿಲ್ಲಸ್ರಿ.